ಒಂದೇ ಲೇಸರ್, ಎರಡು ಡಿಸ್ಕ್: ಬ್ಲೂ-ರೇ ಜಗಳದಲ್ಲಿ ಕಾನೂನಿಗೇನು ಕೆಲಸ?

ಆಪ್ಟಿಕ್ಸ್ ಕ್ಲಾಸಲ್ಲಿ ನ್ಯೂಮರಿಕಲ್ ಅಪರ್ಚರ್ ಅಂತ ಬರೆದುಕೊಂಡಿದ್ದು ನೆನಪಿದೆಯಲ್ಲ? 2006ರಿಂದ 2008ರವರೆಗೆ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ನಡುವೆ ನಡೆದ ಜಗಳವನ್ನು ನಾವು ಅಲ್ಲಿಂದಲೇ ಶುರು ಮಾಡೋಣ.

ಎರಡರಲ್ಲೂ ಇದ್ದದ್ದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್ ಕಡೆಯ ಬ್ಲೂ-ರೇಯಲ್ಲಿ ಅಪರ್ಚರ್ 0.85, ತೋಶಿಬಾ, ಎನ್‌ಇಸಿ ಕಡೆಯ ಎಚ್‌ಡಿ ಡಿವಿಡಿಯಲ್ಲಿ 0.65. ಅಪರ್ಚರ್ ಹೆಚ್ಚಿದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತೆ. ನಮಗೆ ಬೇಕಿರೋದು ವಿಸ್ತೀರ್ಣ. ಹಾಗಾಗಿ 0.85ನ್ನು 0.65ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.7. ಒಂದು ಪದರದಲ್ಲಿ ಬ್ಲೂ-ರೇ 25 ಜಿಬಿ ಹಿಡಿಸುತ್ತೆ, ಎಚ್‌ಡಿ ಡಿವಿಡಿ 15 ಜಿಬಿ. ಭಾಗಿಸಿ ನೋಡಿ, ಹೆಚ್ಚುಕಮ್ಮಿ ಅಷ್ಟೇ!

ಹಾಗಾದ್ರೆ ಬ್ಲೂ-ರೇನೇ ಮೇಲು ಅನ್ನಬಹುದಾ? ಅಷ್ಟು ಸಲೀಸಲ್ಲ. ಅಪರ್ಚರ್ ಹೆಚ್ಚಾದರೆ ಡಿಸ್ಕ್ ಚೂರು ಓರೆಯಾದರೂ ಚುಕ್ಕೆ ಕೆಡುತ್ತೆ. ಅದಕ್ಕೇ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು 0.1 ಮಿ.ಮೀ.ಗೆ ಇಳಿಸಬೇಕಾಯ್ತು. ಆಗ ಗೀರು ತಡೆಯೋಕೆ ಗಟ್ಟಿ ಲೇಪ ಬೇಕು, ಕಾರ್ಖಾನೆಗೆ ಹೊಸ ಯಂತ್ರ ಬೇಕು. ಎಚ್‌ಡಿ ಡಿವಿಡಿಯವರು ಹಳೇ ಡಿವಿಡಿಯ 0.6 ಮಿ.ಮೀ.ಯನ್ನೇ ಉಳಿಸಿಕೊಂಡರು, ಇದ್ದ ಯಂತ್ರಗಳನ್ನೇ ಸ್ವಲ್ಪ ಬದಲಿಸಿದರೆ ಸಾಕಿತ್ತು.

ಎರಡೂ ಒಳ್ಳೇ ಎಂಜಿನಿಯರಿಂಗೇ. ಆದರೆ ತೀರ್ಮಾನ ಆಗಿದ್ದು ಲೆನ್ಸಿನಿಂದಲ್ಲ. ಜನ ಕೊಳ್ಳೋದು ಡಿಸ್ಕನ್ನಲ್ಲ, ಸಿನಿಮಾನ. 2007ರ ಆಗಸ್ಟಿನಲ್ಲಿ ಪ್ಯಾರಾಮೌಂಟ್ ಸ್ಟುಡಿಯೋ ಬ್ಲೂ-ರೇ ಬಿಟ್ಟು ಎಚ್‌ಡಿ ಡಿವಿಡಿ ಮಾತ್ರ ಅಂದಿತು. ಪ್ಯಾರಾಮೌಂಟ್‌ಗೂ ಡ್ರೀಮ್‌ವರ್ಕ್ಸ್ ಅನಿಮೇಷನ್‌ಗೂ ಸೇರಿ 15 ಕೋಟಿ ಡಾಲರಿನಷ್ಟು ಪ್ರೋತ್ಸಾಹಧನ ಅಂತ ಪತ್ರಿಕೆಗಳು ಬರೆದವು. ಇತ್ತ ಸೋನಿಗೆ ಸ್ವಂತ ಸ್ಟುಡಿಯೋನೂ ಇತ್ತು, ಬ್ಲೂ-ರೇ ಡ್ರೈವ್ ಇದ್ದ ಪ್ಲೇಸ್ಟೇಷನ್ 3 ಕೂಡ ಇತ್ತು. 2008ರ ಜನವರಿಯಲ್ಲಿ ವಾರ್ನರ್ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ಕ್ಕೆ ತೋಶಿಬಾ ಕೈಚೆಲ್ಲಿತು.

ಯುರೋಪಿಯನ್ ಕಮಿಷನ್ ಕಣ್ಣಿಟ್ಟಿದ್ದು ಇಂಥದ್ದರ ಮೇಲೆ. 2006ರಲ್ಲಿ ಎರಡೂ ಬಣದ ಲೈಸೆನ್ಸ್ ಷರತ್ತುಗಳ ಬಗ್ಗೆ ಮಾಹಿತಿ ಕೇಳಿತು, 2007ರಲ್ಲಿ ಸ್ಟುಡಿಯೋಗಳನ್ನು ವಿಚಾರಿಸಿತು. ಯಾವ ಡಿಸ್ಕ್ ಚೆನ್ನ ಅನ್ನೋದು ಇಲ್ಲಿ ಪ್ರಶ್ನೆಯಲ್ಲ. ಒಂದು ಸ್ಟುಡಿಯೋ ತಾನಾಗೇ ಒಂದು ಕಡೆ ಹೋದರೆ ಅದು ವ್ಯಾಪಾರ. ಹಲವರು ಒಳಗೊಳಗೇ ಮಾತಾಡಿಕೊಂಡು ಇನ್ನೊಂದನ್ನು ಮುಗಿಸಿದರೆ ಅದು ಕೂಟ.

ಮೊದಲೇ ಕೂತು ಒಂದಾಗಬಹುದಿತ್ತಲ್ಲ ಅಂತೀರಾ? 1995ರಲ್ಲಿ ಹಾಗೇ ಆಯ್ತು. ತೋಶಿಬಾ ಬಣ, ಸೋನಿ-ಫಿಲಿಪ್ಸ್ ಬಣ ಬೇರೆಬೇರೆ ಡಿಸ್ಕ್ ತಂದಾಗ ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದವು, ಡಿವಿಡಿ ಹುಟ್ಟಿತು. ಆದರೆ ಎದುರಾಳಿಗಳು ಪೇಟೆಂಟ್‌ಗಳನ್ನು ಒಟ್ಟುಗೂಡಿಸಿ ಮಾರಿದರೆ ಬೆಲೆ ಕಟ್ಟೋರೂ ಅವರೇ ಆಗ್ತಾರೆ. ಅಮೆರಿಕದ ನ್ಯಾಯ ಇಲಾಖೆ 1998 ಮತ್ತು 1999ರಲ್ಲಿ ಡಿವಿಡಿಯ ಎರಡು ಪೇಟೆಂಟ್ ಒಕ್ಕೂಟಗಳನ್ನು ಪರಿಶೀಲಿಸಿದಾಗ ನೋಡಿದ್ದು ಇದನ್ನೇ: ನಿಜಕ್ಕೂ ಬೇಕಾದ ಪೇಟೆಂಟ್ ಮಾತ್ರ ಸೇರಿದೆಯಾ, ಅದನ್ನು ಹೊರಗಿನ ಪರಿಣತರು ನೋಡಿ ಹೇಳ್ತಾರಾ, ಎಲ್ಲರಿಗೂ ಲೈಸೆನ್ಸ್ ಸಿಗುತ್ತಾ. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಡಿಸ್ಕ್ ಒಂದೇ ಆದರೂ ಪ್ಲೇಯರ್ ಮಾಡೋರು ಮಾತ್ರ ಎರಡೂ ಬಾಗಿಲು ತಟ್ಟಬೇಕಿತ್ತು.