ವಾಕ್ಯ ಎಲ್ಲಿ ಮುಗಿಯಿತು, ಮಗು?

ಎರಡನೇ ತರಗತಿಯ ಮಗು ಪ್ರತಿ ಸಾಲಿನ ಕೊನೆಗೂ ಚುಕ್ಕಿ ಇಡುತ್ತದೆ ಎಂದು ಬೇಸರ ಮಾಡಿಕೊಳ್ಳಬೇಡಮ್ಮ. ನಾವು ಹೇಳಿದ್ದನ್ನೇ ಅದು ಮಾಡುತ್ತಿದೆ. ‘ಕೊನೆಯಲ್ಲಿ ಚುಕ್ಕಿ ಇಡು’ ಅಂದೆವು. ಅದರ ಕಣ್ಣಿಗೆ ಕೊನೆ ಎಂದರೆ ಕಾಗದದ ಅಂಚು.

ವಾಕ್ಯದ ಕೊನೆ ಸಿಗುವುದು ಮೊದಲು ಕಿವಿಗೆ. ಹಾಗಾಗಿ ಪೆನ್ಸಿಲ್ ಪಕ್ಕಕ್ಕಿಡಿಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸು. ಕನ್ನಡವೇ ನಿನ್ನ ನೆರವಿಗೆ ಬರುತ್ತದೆ, ಏಕೆಂದರೆ ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದು. ‘ಪುಟ್ಟಿ ಶಾಲೆಯಿಂದ ಬಂದು’ ಎಂದು ಓದಿ ನಿಲ್ಲಿಸು. ‘ಬಂದು? ಆಮೇಲೆ?’ ಅನ್ನುತ್ತದೆ ಮಗು. ‘ಕೈಕಾಲು ತೊಳೆದು’ ಅನ್ನು, ಇನ್ನೂ ಕಾಯುತ್ತದೆ. ‘ಊಟ ಮಾಡಿದಳು’ ಎಂದಾಗಲೇ ಅದಕ್ಕೆ ಸಮಾಧಾನ. ಪೂರ್ಣವಿರಾಮದ ಜಾಗ ಅದೇ. ‘ಇದು ನಮ್ಮ ಮನೆ’ ಎಂಬಂಥ ಕ್ರಿಯಾಪದವಿಲ್ಲದ ವಾಕ್ಯದಲ್ಲೂ ಕಿವಿ ಮೋಸಹೋಗುವುದಿಲ್ಲ. ವ್ಯಾಕರಣದ ಹೆಸರುಗಳೆಲ್ಲ ದೊಡ್ಡ ತರಗತಿಗಿರಲಿ.

ಚಿಹ್ನೆಗಳಿಲ್ಲದೆಯೂ ವಾಕ್ಯ ಮುಗಿಯುತ್ತಿತ್ತು, ನೋಡು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಈಗಿನ ಪೂರ್ಣವಿರಾಮ, ಪ್ರಶ್ನಾರ್ಥಕ ಯಾವುದೂ ಇಲ್ಲ. ಈಗಿನ ಚಿಹ್ನೆಗಳು ಅಚ್ಚಿನ ಕಾಲದಲ್ಲಿ ಇಂಗ್ಲಿಷಿನಿಂದ ಬಂದವು. ಅಲ್ಲಿಯವರೆಗೆ ನಮ್ಮವರು ವಾಕ್ಯದ ಕೊನೆಯನ್ನು ಬಹುಮಟ್ಟಿಗೆ ನುಡಿಯಲ್ಲೇ ಗುರುತಿಸುತ್ತಿದ್ದರು. ಆ ಶಕ್ತಿ ಮಗುವಿಗೆ ಮಾತಿನ ಜೊತೆಗೇ ಬಂದಿದೆ, ನೀನು ಹೊಸದಾಗಿ ತುಂಬಬೇಕಾಗಿಲ್ಲ.

ಪ್ರಶ್ನಾರ್ಥಕದ ವಿಷಯದಲ್ಲಿ ಮಾತ್ರ ಎಚ್ಚರ. ‘ಯಾರು, ಏನು, ಎಲ್ಲಿ ಬಂದರೆ ಪ್ರಶ್ನಾರ್ಥಕ ಚಿಹ್ನೆ’ ಎಂದು ಕಲಿಸುವವರುಂಟು. ಆ ಸೂತ್ರ ನಡುದಾರಿಯಲ್ಲಿ ಕೈಕೊಡುತ್ತದೆ. ‘ಎಲ್ಲಿಗೆ ಹೋಗಿದ್ದೆ ಎಂದು ಅಜ್ಜಿ ಕೇಳಿದಳು.’ ‘ಯಾರು ಬಂದರೋ ಗೊತ್ತಿಲ್ಲ.’ ಎರಡರಲ್ಲೂ ಪ್ರಶ್ನೆಯ ಪದವಿದೆ, ಆದರೆ ವಾಕ್ಯ ಯಾರನ್ನೂ ಏನನ್ನೂ ಕೇಳುತ್ತಿಲ್ಲ. ಇತ್ತ ‘ಊಟ ಆಯಿತಾ?’ ಎಂಬಲ್ಲಿ ಅಂಥ ಪದ ಒಂದೂ ಇಲ್ಲ. ಕೊನೆಯ ದೀರ್ಘವೊಂದೇ ಪ್ರಶ್ನೆಯನ್ನೆಲ್ಲ ಹೊತ್ತಿದೆ. ಅದಕ್ಕೇ ಸೂತ್ರ ಬಿಟ್ಟು, ‘ಇದಕ್ಕೆ ಯಾರಾದರೂ ಉತ್ತರ ಕೊಡಬೇಕಾ?’ ಎಂದು ಮಗುವನ್ನೇ ಕೇಳು. ಹೌದಾದರೆ ಪ್ರಶ್ನಾರ್ಥಕ, ಇಲ್ಲವಾದರೆ ಚುಕ್ಕಿ. ಈ ಒಂದು ಮಾತನ್ನು ನಾನು ಬಹಳ ನಂಬುತ್ತೇನೆ, ಯಾಕೆಂದರೆ ಇದು ಮಗುವನ್ನು ಪದದಿಂದ ಅರ್ಥಕ್ಕೆ ಕರೆದೊಯ್ಯುತ್ತದೆ.

‘ಅಯ್ಯೋ, ಹಾಲು ಚೆಲ್ಲಿತು!’ ಎಂಬಲ್ಲಿ ಭಾವಸೂಚಕ ಚಿಹ್ನೆಯನ್ನು ಮೂರು ನಾಲ್ಕು ಸಲ ಗೀಚಿದರೆ ಬೈಯಬೇಡ, ಒಂದು ಸಾಕು ಎಂದರೆ ಆಯಿತು.

ಇನ್ನು ತಿದ್ದಲು ಹಿಡಿಯುವ ಕೆಂಪು ಪೆನ್ನು. ಬಿಟ್ಟುಹೋದ ಚುಕ್ಕಿಗಳನ್ನೆಲ್ಲ ನೀನೇ ತುಂಬಿಕೊಟ್ಟರೆ ಮಗು ಪುಟ ಮಗುಚುತ್ತದೆ, ಅಷ್ಟೇ. ಬದಲಿಗೆ ಅದು ಬರೆದದ್ದನ್ನು ಬರೆದ ಹಾಗೆಯೇ, ಚುಕ್ಕಿ ಇಲ್ಲದ ಕಡೆ ಎಲ್ಲೂ ನಿಲ್ಲಿಸದೆ, ಉಸಿರು ಕಟ್ಟಿ ಓದಿ ತೋರಿಸು. ‘ನಿಲ್ಲು, ಅಲ್ಲಿ ಮುಗೀತು!’ ಎಂದು ಅದೇ ತಡೆಯುತ್ತದೆ. ಪೆನ್ಸಿಲನ್ನು ಆಗ ಅದರ ಕೈಗೆ ಕೊಡು. ದಿನಕ್ಕೆ ನಾಲ್ಕೈದು ವಾಕ್ಯ ಸಾಕು.