ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕೇ? – ರಕ್ಷಣಾ ಸಾಧನ ಅಳವಡಿಕೆಯಲ್ಲಿ ವಿದ್ಯುತ್ ಸುರಕ್ಷತೆ



ಪಂಚಾಯತಿ ಕಚೇರಿ, ಅಂಗನವಾಡಿ, ಗ್ರಂಥಾಲಯ, ಕೊಳವೆಬಾವಿಯ ಪಂಪ್‌ಹೌಸ್, ಬೀದಿದೀಪದ ಪೆಟ್ಟಿಗೆ – ಇವೆಲ್ಲವೂ ನಮ್ಮ ನಿರ್ವಹಣೆಗೆ ಒಳಪಟ್ಟ ವಿದ್ಯುತ್ ಸ್ಥಾವರಗಳು. ಇವುಗಳಲ್ಲಿ ಎಂ.ಸಿ.ಬಿ. ಹಾಗೂ ಆರ್.ಸಿ.ಸಿ.ಬಿ.ಗಳನ್ನು ಅಳವಡಿಸಲು ಕ್ರಿಯಾಯೋಜನೆಯಲ್ಲಿ ಹಣ ಇಡುವುದು ಸ್ವಾಗತಾರ್ಹ. ಆದರೆ ಜೀವ ಉಳಿಸುವ ಸಾಧನವನ್ನು ಅಳವಡಿಸುವ ಸಮಯದಲ್ಲೇ ಜೀವಕ್ಕೆ ಅಪಾಯವಾಗಬಾರದು. ಅದನ್ನು ತಡೆಯುವ ಬಗೆಯನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಕರ್ತವ್ಯದಲ್ಲಿದ್ದ ಪಂಚಾಯತಿಯೊಂದರಲ್ಲಿ ಪಂಪ್‌ಹೌಸಿನ ಪೆಟ್ಟಿಗೆಗೆ ಆರ್.ಸಿ.ಸಿ.ಬಿ. ಹಾಕಿಸಬೇಕಾಗಿತ್ತು. ಎರಡು ದಿನಗಳಿಂದ ನೀರು ಬಂದಿರಲಿಲ್ಲ. ಸಂಜೆಯೊಳಗೆ ಬಿಡಲೇಬೇಕೆಂದು ದೂರವಾಣಿ ಕರೆಗಳು ಬರುತ್ತಲೇ ಇದ್ದವು. ಕೆಲಸಕ್ಕೆ ಬಂದ ಹುಡುಗ, “ಸಾರ್, ಮೇನ್ ಆಫ್ ಮಾಡಿದೀನಿ, ಶುರು ಮಾಡ್ಲಾ?” ಎಂದು ಕೇಳಿದ. ಇಂಜಿನಿಯರಿಂಗ್ ಪದವೀಧರನಾದ ನಾನು “ಮಾಡಪ್ಪ, ಬೇಗ ಮುಗಿಸು” ಎಂದೆ. ಮೇನ್ ಸ್ವಿಚ್ಚಿನ ಮೇಲ್ಭಾಗದ ತಿರುಪಿಗೆ ಅವನ ಸ್ಕ್ರೂಡ್ರೈವರ್ ತಗುಲಿತು. ಭಾರಿ ಕಿಡಿ ಹಾರಿ ಅಂಗೈ ಸುಟ್ಟಿತು. ಅವನು ಹಿಂದಕ್ಕೆ ಬಿದ್ದ. ಪ್ರಾಣ ಉಳಿಯಿತು, ಆದರೆ ತಿಂಗಳುಗಟ್ಟಲೆ ಅವನಿಗೆ ಕೆಲಸ ಮಾಡಲಾಗಲಿಲ್ಲ. ತಪ್ಪು ಅವನೊಬ್ಬನದಲ್ಲ. ಅವಸರಪಡಿಸಿದವರಲ್ಲಿ ನಾನೂ ಒಬ್ಬ.

2. ಮೇನ್ ಸ್ವಿಚ್ ಏನನ್ನು ನಿಲ್ಲಿಸುತ್ತದೆ, ಏನನ್ನು ನಿಲ್ಲಿಸುವುದಿಲ್ಲ

ಮೇನ್ ಸ್ವಿಚ್ ತನ್ನಿಂದ ಮುಂದಕ್ಕೆ ಹೋಗುವ ವಿದ್ಯುತ್ತನ್ನು ಮಾತ್ರ ತಡೆಯುತ್ತದೆ. ಮೀಟರಿನಿಂದ ಅದರವರೆಗೆ ಬರುವ ತಂತಿ ಹಾಗೂ ಆ ತಂತಿ ಸೇರುವ ತಿರುಪುಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ತೂಬು ಮುಚ್ಚಿದರೆ ಕಾಲುವೆ ಒಣಗುತ್ತದೆ, ಕೆರೆ ಒಣಗುವುದಿಲ್ಲ, ಇದೂ ಹಾಗೆಯೇ. ಸಾಮಾನ್ಯ ಸಂಪರ್ಕದಲ್ಲಿ ಆ ಒತ್ತಡ 230 ವೋಲ್ಟ್. ಮೂರು ಫೇಸಿನ ಪಂಪ್‌ಹೌಸಿನಲ್ಲಿ ಫೇಸ್‌ಗಳ ನಡುವೆ 400 ವೋಲ್ಟ್‌ನಷ್ಟು.

ಇನ್ನೊಂದು ಅಪಾಯ ಹಿಂದಿನ ಬಾಗಿಲಿನದು. ಕಚೇರಿಯ ಯು.ಪಿ.ಎಸ್., ಜನರೇಟರ್ ಅಥವಾ ಚಾವಣಿಯ ಸೌರಫಲಕಗಳಿಂದ ಪೆಟ್ಟಿಗೆಯೊಳಕ್ಕೆ ವಿದ್ಯುತ್ ಮರಳಿ ಬರಬಹುದು. ಕರೆಂಟ್ ಹೋಗಿದೆ ಎಂಬ ಕಾರಣಕ್ಕೆ ಪೆಟ್ಟಿಗೆ ತೆರೆಯುವುದು ಆದ್ದರಿಂದಲೇ ಅಪಾಯಕರ.

ತಂತಿಯಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. 2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡ್ ಸಮೀಪದ ಹೋಪ್ ಫಾರ್ಮ್ ವೃತ್ತದಲ್ಲಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸಾವಿಗೀಡಾದ ದುರಂತವನ್ನು ನಮ್ಮ ಪೂರ್ವ ತಾಲ್ಲೂಕಿನವರು ಮರೆತಿಲ್ಲ. ಅದು ರಸ್ತೆಬದಿಯ ಅಧಿಕ ಒತ್ತಡದ ಮಾರ್ಗ, ನಮ್ಮ ಪೆಟ್ಟಿಗೆಯದಲ್ಲ. ಪಾಠ ಮಾತ್ರ ಒಂದೇ: ಪರೀಕ್ಷಿಸದ ತಂತಿಯನ್ನು ಜೀವಂತ ತಂತಿಯೆಂದೇ ತಿಳಿಯಬೇಕು.

3. ಎರಡು ಸಾಧನಗಳು, ಎರಡು ಕೆಲಸಗಳು

ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ. ಹೊರೆ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ಅದು ಬೀಳುತ್ತದೆ. ಆದರೆ ಮನುಷ್ಯನ ದೇಹದ ರೋಧ ಸುಮಾರು 1,000 ಓಮ್ ಎಂದುಕೊಂಡರೆ 230 ವೋಲ್ಟ್‌ನಲ್ಲಿ ದೇಹದ ಮೂಲಕ ಹರಿಯುವುದು 0.23 ಆಂಪಿಯರ್. ಇಷ್ಟು ಪ್ರಾಣ ತೆಗೆಯಲು ಸಾಕು. 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಇಲ್ಲ. ಅದರ ಮಿತಿ ಇದರ ಸುಮಾರು 70 ಪಟ್ಟು.

ಆರ್.ಸಿ.ಸಿ.ಬಿ. ಮನುಷ್ಯನನ್ನು ಕಾಯುತ್ತದೆ. ಫೇಸಿನಲ್ಲಿ ಹೋದ ವಿದ್ಯುತ್ತಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ಲೆಕ್ಕ ಹಾಕುತ್ತದೆ. 30 ಮಿಲಿಆಂಪಿಯರಿನಷ್ಟು ಭೂಮಿಗೆ ಸೋರಿದರೂ 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ. ಆದರೆ ಒಂದು ಕೈ ಫೇಸಿಗೂ ಇನ್ನೊಂದು ನ್ಯೂಟ್ರಲ್‌ಗೂ ತಗುಲಿದರೆ ಅದಕ್ಕೆ ತಿಳಿಯುವುದಿಲ್ಲ. ತನಗಿಂತ ಹಿಂದಿನ, ಮೀಟರಿನ ಕಡೆಯ ತಂತಿಯನ್ನು ಮುಟ್ಟಿದವರನ್ನೂ ಅದು ಕಾಯಲಾರದು. ಹೊರೆ ಹೆಚ್ಚಾದರೆ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಎರಡೂ ಬೇಕು. ಸರಿಯಾದ ಅರ್ಥಿಂಗ್ ಕೂಡ ಬೇಕು.

4. ಕೆಲಸದ ಕ್ರಮ

ಅ) ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ನೀರುಗಂಟಿಯವರಿಂದಾಗಲಿ, ಪರಿಚಯದ ಹುಡುಗರಿಂದಾಗಲಿ ಮಾಡಿಸತಕ್ಕದ್ದಲ್ಲ.

ಆ) ಮೀಟರಿನ ಕಡೆಯಿಂದಲೇ ಸರಬರಾಜು ನಿಲ್ಲಿಸಲು ಬೆಸ್ಕಾಂ ಉಪವಿಭಾಗಕ್ಕೆ ಮುಂಚಿತವಾಗಿ ಪತ್ರ ಬರೆಯಬೇಕು. ಮೀಟರಿನ ಸೀಲನ್ನು ನಾವು ಮುಟ್ಟುವಂತಿಲ್ಲ. ಲೈನ್‌ಮನ್‌ಗಳು ಲೈನ್ ಕ್ಲಿಯರ್ ಪಡೆಯದೆ ಕಂಬ ಹತ್ತುವುದಿಲ್ಲ. ಅದೇ ಶಿಸ್ತು ಪೆಟ್ಟಿಗೆಯ ಕೆಲಸಕ್ಕೂ ಅನ್ವಯಿಸಬೇಕು.

ಇ) ಯು.ಪಿ.ಎಸ್., ಜನರೇಟರ್, ಸೌರ ಸಂಪರ್ಕಗಳನ್ನು ಬೇರ್ಪಡಿಸಬೇಕು. ಆಫ್ ಮಾಡಿದ ಸ್ವಿಚ್ಚಿಗೆ ಬೀಗ ಹಾಕಿ, “ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ” ಎಂಬ ಫಲಕ ತೂಗುಹಾಕಬೇಕು. ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲಿಯೇ ಇರಬೇಕು.

ಈ) ಮೀಟರ್ ಉಪಕರಣವನ್ನು ಮೊದಲು ವಿದ್ಯುತ್ ಇರುವ ಬೇರೊಂದು ಕಡೆ, ಬಳಿಕ ಪೆಟ್ಟಿಗೆಯಲ್ಲಿ, ಮತ್ತೆ ವಿದ್ಯುತ್ ಇರುವ ಕಡೆ ಹಿಡಿದು ಪರೀಕ್ಷಿಸಬೇಕು. ಉಪಕರಣವೇ ಕೆಟ್ಟಿದ್ದರೆ ಇದರಿಂದ ತಿಳಿಯುತ್ತದೆ. ಟೆಸ್ಟರ್ ದೀಪ ಹತ್ತಲಿಲ್ಲ ಎಂಬುದು ಪುರಾವೆಯಲ್ಲ.

ಉ) ಒಬ್ಬರೇ ಕೆಲಸ ಮಾಡಬಾರದು. ಜೊತೆಯಲ್ಲಿರುವವರಿಗೆ ಸರಬರಾಜು ನಿಲ್ಲಿಸುವ ಜಾಗ ಗೊತ್ತಿರಬೇಕು. ಆಘಾತವಾದರೆ ಮೊದಲು ಸರಬರಾಜು ನಿಲ್ಲಿಸಬೇಕು, ನಂತರವೇ ವ್ಯಕ್ತಿಯನ್ನು ಮುಟ್ಟಬೇಕು. 108ಕ್ಕೆ ಕರೆ ಮಾಡಿ, ಉಸಿರಾಟವಿಲ್ಲದಿದ್ದರೆ ಎದೆ ಒತ್ತುವ ಚಿಕಿತ್ಸೆಯನ್ನು ಕೂಡಲೇ ಆರಂಭಿಸಬೇಕು.

ಊ) ತಿರುಪುಗಳನ್ನು ಬಿಗಿಯಾಗಿ ಕೂರಿಸಬೇಕು, ಸಡಿಲ ತಿರುಪು ಬಿಸಿಯೇರಿ ಬೆಂಕಿಗೆ ಕಾರಣವಾಗುತ್ತದೆ. ಕೊನೆಯಲ್ಲಿ ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುವುದನ್ನು ಕಣ್ಣಾರೆ ನೋಡಬೇಕು.

5. ಪದೇ ಪದೇ ಬಿದ್ದರೆ?

ಬಾಣಸವಾಡಿ, ಕಾಚರಕನಹಳ್ಳಿ ಮೊದಲಾದವು ಒಂದು ಕಾಲದ ಹಳ್ಳಿಗಳು. ಇಂದು ಸರ್ವಜ್ಞನಗರ ಕ್ಷೇತ್ರದ ಬಡಾವಣೆಗಳು. ನಗರದ ಅಂಚಿನ ನಮ್ಮ ಊರುಗಳೂ ಅದೇ ದಾರಿಯಲ್ಲಿವೆ. ಎರಡು ಬಲ್ಬಿಗೆಂದು ಎಳೆದ ತಂತಿಗೆ ಇಂದು ಗೀಸರ್, ಮೋಟಾರು, ಬಾಡಿಗೆ ಮನೆಗಳು ಸೇರಿವೆ. ಇಂತಹ ಹಳೆಯ ವೈರಿಂಗಿನಲ್ಲಿ ಹೊಸ ಆರ್.ಸಿ.ಸಿ.ಬಿ. ಪದೇ ಪದೇ ಬೀಳುವುದುಂಟು. ಆಗ “ಸಾಧನವೇ ಸರಿಯಿಲ್ಲ” ಎಂದು ಅದನ್ನು ಬೈಪಾಸ್ ಮಾಡಿಸುವುದು ದೊಡ್ಡ ತಪ್ಪು. ಎಲ್ಲೋ ತೇವ ಸೇರಿದೆ, ಹೊದಿಕೆ ಸವೆದಿದೆ ಅಥವಾ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಬೆರೆತಿದೆ ಎಂದೇ ಅದರ ಅರ್ಥ. ದೋಷ ಹುಡುಕಿಸಬೇಕು, ದೋಷ ತೋರಿಸಿದ ಸಾಧನವನ್ನು ಕಿತ್ತುಹಾಕಿಸಬಾರದು.

6. ಸದಸ್ಯರು ಮಾಡಬೇಕಾದುದು

ಸ್ಕ್ರೂಡ್ರೈವರ್ ಹಿಡಿಯುವುದು ಸದಸ್ಯರ ಕೆಲಸವಲ್ಲ. ಸಮಯ ಕೊಡುವುದು ಸದಸ್ಯರ ಕೆಲಸ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮೂರು ಅಂಶಗಳನ್ನು ಠರಾವು ಮಾಡಬಹುದು: ಸರಬರಾಜು ನಿಲ್ಲಿಸದೆ ಯಾವ ಪೆಟ್ಟಿಗೆಯನ್ನೂ ತೆರೆಯಬಾರದು, ನೀರು ನಿಲ್ಲುವ ಸಮಯವನ್ನು ಹಿಂದಿನ ದಿನವೇ ಡಂಗುರ ಅಥವಾ ಧ್ವನಿವರ್ಧಕದ ಮೂಲಕ ಗ್ರಾಮಸ್ಥರಿಗೆ ತಿಳಿಸಬೇಕು, ಪ್ರತಿ ಸ್ಥಾವರದ ಆರ್.ಸಿ.ಸಿ.ಬಿ.ಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ವಹಿಯಲ್ಲಿ ದಾಖಲಿಸಬೇಕು. ತಂತಿ ಬಿದ್ದಿರುವುದು ಕಂಡರೆ ಯಾರೂ ಹತ್ತಿರ ಹೋಗದಂತೆ ಕಾವಲಿರಿಸಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು.

ನೀರು ಎರಡು ಗಂಟೆ ತಡವಾದರೆ ಜನರು ನಮ್ಮನ್ನು ಬಯ್ಯಬಹುದು. ಆ ಬೈಗುಳವನ್ನು ನಾವು ಹೊತ್ತರೆ, ಕೆಲಸಕ್ಕೆ ಬಂದ ಹುಡುಗ ಸಂಜೆ ಸುಖವಾಗಿ ಮನೆ ಸೇರುತ್ತಾನೆ.

ಚರ್ಚೆಗೆ: ನಿಮ್ಮ ವಾರ್ಡಿನ ಪಂಪ್‌ಹೌಸಿಗೆ ಸರಬರಾಜು ನಿಲ್ಲಿಸುವ ಜಾಗ ಯಾವುದು? ಅಲ್ಲಿ ಆರ್.ಸಿ.ಸಿ.ಬಿ. ಇದೆಯೇ? ಅದರ ಟೆಸ್ಟ್ ಗುಂಡಿಯನ್ನು ಕಡೆಯ ಬಾರಿ ಒತ್ತಿದ್ದು ಯಾವಾಗ?