ಹೆಸರು ಬಾರದ ಪಟ್ಟಿ

ಗಾಡಿಯ ಮೂಕಿ, ನೊಗ, ಗುಂಬ, ಅರೆ, ಅಚ್ಚು, ಕಡಾಣಿಗಳನ್ನು ಕತ್ತಲಲ್ಲಿಯೂ ಕೈಯಿಂದ ತಡವಿ ಹೆಸರಿಸಬಲ್ಲ ದೊಡ್ಡಉಳ್ಳಾರ್ತಿಯ ಒಕ್ಕಲುಮನೆಯಲ್ಲಿ ಹುಟ್ಟಿ ಬೆಳೆದ ನಾನು, ಶೇಂಗಾ ಚೆನ್ನಾಗಿ ಕೈಹಿಡಿದ ವರ್ಷ ಕೊಂಡ ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ಟಿನಡಿಯಲ್ಲಿ ಏನೇನಿದೆಯೆಂಬುದನ್ನು ಎರಡು ವರ್ಷಗಳಾದರೂ ಯಾರನ್ನೂ ಕೇಳಿ ತಿಳಿಯಲಿಲ್ಲ. ಓಡಿಸುವವನಿಗೆ ಸ್ಟಿಯರಿಂಗು, ಬ್ರೇಕು, ಗೇರುಗಳು ಸಾಕು, ಉಳಿದದ್ದು ಮೆಕ್ಯಾನಿಕನ ವಿದ್ಯೆಯೆಂಬ ಹಠ ನನ್ನದು.

1984ರ ಏಪ್ರಿಲಿನಲ್ಲಿ, ಉಬ್ಬಸದಿಂದ ಬಳಲುತ್ತಿದ್ದ ತಾಯಿಯವರನ್ನು ಚಳ್ಳಕೆರೆಯ ಮಾರ್ಗವಾಗಿ ಚಿತ್ರದುರ್ಗದ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದಾಗ, ಎದುರಿನ ಫಲಕದಲ್ಲಿ ಕೆಂಪು ದೀಪವೊಂದು ಹತ್ತಿತು. ಕಾರು ಚಲಿಸುತ್ತಲೇ ಇದ್ದುದರಿಂದ ನಾನದನ್ನು ಗಣಿಸಲಿಲ್ಲ. ಕಾವಲಿನ ಮಗ್ಗುಲಲ್ಲಿ, ಹುಲ್ಲಲ್ಲದೆ ನೆರಳೆಂಬುದೇ ಇಲ್ಲದ ಎಡೆಯಲ್ಲಿ, ಬಾನೆಟ್ಟಿನ ಸಂದುಗಳಿಂದ ಆವಿ ಏಳತೊಡಗಿತು. ಕೆಳಗಿಳಿದು ಆತುರದಲ್ಲಿ ರೇಡಿಯೇಟರಿನ ಮುಚ್ಚಳ ತಿರುವಿದೆ. ಕುದಿಯುವ ನೀರು ಚಿಮ್ಮಿ ಬಲಗೈ ಮೊಣಕೈವರೆಗೆ ಸುಟ್ಟಿತು. ಆ ನೋವಿಗಿಂತಲೂ ಅಧಿಕವಾದುದು ಅನಂತರ ಬಂದಿತು. ಹಿಂದಿನ ಸೀಟಿನಲ್ಲಿ ಉಸಿರಿಗಾಗಿ ತವಕಿಸುತ್ತಿದ್ದ ತಾಯಿ, ಮೆಲ್ಲನೆ ತಲೆಯೆತ್ತಿ, "ಏನು ಮುರೀತಪ್ಪಾ? ಕಡಾಣಿ ಏನಾರ ಬಿತ್ತಾ?" ಎಂದರು. ಮುರಿದುದು ಏನೆಂಬುದಕ್ಕೆ ಉತ್ತರವಾಗಿ ಹೇಳಲು ನನ್ನಲ್ಲಿ ಒಂದು ಶಬ್ದವಿರಲಿಲ್ಲ.

ಜೊತೆಗಿದ್ದ ಭಾವಮೈದುನನು ತನಗೆಲ್ಲ ತಿಳಿದಿದೆಯೆಂದು ಚಳ್ಳಕೆರೆಯ ಬಸ್ಸು ಹತ್ತಿದ. ಮೆಕ್ಯಾನಿಕನನ್ನೇ ಕರೆತಾ ಎಂದು ನಾನೆಂದರೆ, "ದುಡ್ಡು ದಂಡ ಭಾವ, ಸಾಮಾನು ತಂದರೆ ಸಾಕು" ಎಂದ. ನೀರಿನ ಬಳಿ ಇರುವ, ಹರಿದುಹೋದ ರಬ್ಬರಿನ ವಸ್ತುವೆಂದು ನಾನು ವಿವರಿಸಿದ್ದೆ; ಮೂರು ಗಂಟೆಗಳ ತರುವಾಯ ಆತ ತಂದುದು ರೇಡಿಯೇಟರಿನ ಹೋಸ್ ಪೈಪು! ಆ ಮೂರು ಗಂಟೆಗಳ ಕಾಲ ತಾಯಿಯವರು ಆ ಬಿಸಿಲಿನಲ್ಲಿ ಪಟ್ಟ ಕಷ್ಟವನ್ನು ನೆನೆದರೆ ಇಂದಿಗೂ ಆತನ ಮೇಲಿನ ನನ್ನ ಸಿಟ್ಟು ಆರುವುದಿಲ್ಲ.

ಎಣ್ಣೆಮಿಲ್ಲಿಗೆ ಶೇಂಗಾ ಒಯ್ಯುತ್ತಿದ್ದ ಲಾರಿಯ ಚಾಲಕನೊಬ್ಬ ನಿಲ್ಲಿಸಿ, ಬಗ್ಗಿ ನೋಡಿ, "ಫ್ಯಾನ್ ಬೆಲ್ಟು ಹರಿದೈತೆ ಯಜಮಾನ್ರೆ. ಕೆಂಪು ದೀಪ ಹತ್ತಿದಾಗ್ಲೆ ನಿಲ್ಲಿಸ್ಬೇಕಿತ್ತು" ಎಂದು, ತಾಯಿಯವರನ್ನು ತನ್ನ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೊರಟ. ಅವರು ಬದುಕಿಕೊಂಡದ್ದು ಆತನಿಂದ.

ಸುಟ್ಟ ಗಾಯ ಮಾಯ್ದ ಮೇಲೆ ಚಳ್ಳಕೆರೆಯ ಶೆಡ್ಡೊಂದರಲ್ಲಿ ಹದಿನೈದು ದಿನ ಕುಳಿತು ಒಂದೊಂದನ್ನೂ ಮುಟ್ಟಿ, ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡೆ. ಹೆಸರಿನೊಡನೆ ಅದು ಯಾವುದನ್ನು ತಿರುಗಿಸುತ್ತದೆ, ಯಾವುದರಿಂದ ತಿರುಗುತ್ತದೆ ಎಂಬುದನ್ನೂ ಕೇಳಬೇಕು. ಆ ಒಂದು ಬೆಲ್ಟೇ ಎಂಜಿನ್ನಿನ ಕೆಳಗಿನ ಪುಲ್ಲಿಯಿಂದ ಬಲ ಪಡೆದು ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುವುದರಿಂದ, ಅದು ಹರಿದೊಡನೆ ಡೈನಮೋ ನಿಂತು ಕೆಂಪು ದೀಪ ಹತ್ತುತ್ತದೆ, ಪಂಪು ನಿಂತು ಎಂಜಿನ್ನು ಕಾಯುತ್ತದೆ. ಇಷ್ಟು ತಿಳಿದಿದ್ದರೆ ನಾನು ದೀಪ ಕಂಡಲ್ಲೇ ನಿಲ್ಲುತ್ತಿದ್ದೆ. ಅಂಗಡಿಯವರು ಆಡುವ ಮಾತನ್ನೇ ಕಲಿಯಬೇಕು: ಹಿಂಬದಿಯ ಸಾಮಾನಿನ ಕೋಣೆ ಡಿಕ್ಕಿ, ಹೆಚ್ಚುವರಿ ಚಕ್ರ ಸ್ಟೆಪ್ನಿ. (ಈ ಎರಡನೆಯ ಹೆಸರು ವೇಲ್ಸಿನ ಲ್ಯಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದುದು, 1904ರಲ್ಲಿ ಅಲ್ಲಿ ಅಂಥ ಚಕ್ರವನ್ನು ಮೊದಲು ಮಾಡಿದರಂತೆ.) ಹರಿದ ತುಂಡು ಸಿಕ್ಕರೆ ಎಸೆಯದೆ ಅಂಗಡಿಗೆ ಒಯ್ಯಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಕೂಡದು.

ಮುಂದೆ ತಾಯಿಯವರು ಕಾರಿನಲ್ಲಿ ಕುಳಿತಾಗಲೆಲ್ಲ, "ಬೆಲ್ಟು ನೋಡಿದೆಯಾ?" ಎಂದು ಕೇಳಿಯೇ ಹೊರಡಗೊಡುತ್ತಿದ್ದರು. ಭಾವಮೈದುನನಾದರೋ ನಾನು ಹೇಳಿದ್ದನ್ನೇ ತಂದೆನೆಂದು ಇಂದಿಗೂ ಸಾಧಿಸುತ್ತಾನೆ. ಆ ಹೋಸ್ ಪೈಪು ನಮ್ಮ ಅಟ್ಟದ ಮೇಲೆ ಹಾಗೆಯೇ ಇದೆ.